ಮಣ್ಣು ಕಾಣದ ಲೆನಿನ್

ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಕೊಡು ಎಂದು ಸಂಪಾದಕ ಸಮಿತಿಯವರು ಫೋನ್ ಮಾಡಿದಾಗ, ಕಂಪ್ಯೂಟರ್ ಕ್ಷೇತ್ರದ ಉದ್ಯೋಗಗಳ ಬಗ್ಗೆ ಬರೆದರೆ ಮಕ್ಕಳಿಗೆ ಉಪಯೋಗವಾಗುತ್ತದೆ ಎಂಬ ಸಲಹೆಯನ್ನೂ ಕೊಟ್ಟರು. ಅದನ್ನು ನನಗಿಂತ ಚೆನ್ನಾಗಿ ಬರೆಯುವವರು ನಮ್ಮ ಬ್ಯಾಚಿನಲ್ಲೇ ನಾಲ್ಕೈದು ಮಂದಿ ಇದ್ದಾರೆ. ನಾನು ಬೇರೆ ವಿಷಯ ಆರಿಸಿಕೊಂಡೆ. ಇದು ನಮ್ಮ ಶಾಲೆಯ ಒಂದು ಕಬ್ಬಿಣದ ಬೀರುವಿನ ಮುಂದೆ ಶುರುವಾಗಿ, ಇಪ್ಪತ್ತು ವರ್ಷದಿಂದ ನನಗೂ ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರಿಗೂ ನಡುವೆ ಮುಗಿಯದೆ ಉಳಿದಿರುವ ಒಂದು ವಾದ.

ಆ ಬೀರುವೇ ನಮ್ಮ ಗ್ರಂಥಾಲಯವಾಗಿತ್ತು. ಕೆಳಗಿನ ಖಾನೆಯ ತುಂಬ ನವಕರ್ನಾಟಕದವರು ಮಾರುತ್ತಿದ್ದ ಸೋವಿಯತ್ ಪುಸ್ತಕಗಳು, ನುಣುಪು ಕಾಗದದ ಹಳೆಯ ಪತ್ರಿಕೆಗಳು. ಆ ಪತ್ರಿಕೆಗಳ ಹಾಳೆಗಳು ನಮ್ಮ ನೋಟ್‌ಬುಕ್ಕುಗಳಿಗೆ ರಟ್ಟು ಹಾಕಲು ಎಷ್ಟು ಉಪಯೋಗವಾದವೋ ಓದಲು ಅಷ್ಟು ಆಗಲಿಲ್ಲ ಎಂಬುದನ್ನು ಈಗ ಒಪ್ಪಿಕೊಳ್ಳಬಹುದು. ಒಂಬತ್ತನೇ ತರಗತಿಯಲ್ಲಿದ್ದಾಗ ಅಂಥ ಒಂದು ಹಾಳೆಯಲ್ಲಿ ಕೆಂಪು ಕಲ್ಲಿನ ಮೆಟ್ಟಿಲು ಮೆಟ್ಟಿಲಾದ ಕಟ್ಟಡವೊಂದರ ಮುಂದೆ ಜನ ಉದ್ದಕ್ಕೆ ಸಾಲು ನಿಂತಿರುವ ಚಿತ್ರವಿತ್ತು. ಯಾವುದೋ ದೇವಸ್ಥಾನವೆಂದುಕೊಂಡು ಮೇಷ್ಟ್ರನ್ನು ಕೇಳಿದೆ. ಲೆನಿನ್‌ನನ್ನು ಇಟ್ಟಿರುವ ಜಾಗ ಎಂದರು. ಹೂಳಿದ್ದಾರಾ ಸಾರ್ ಎಂದೆ. ಇಲ್ಲ, ಹಾಗೇ ಇಟ್ಟಿದ್ದಾರೆ, ಗಾಜಿನೊಳಗೆ ಮಲಗಿದ್ದಾರೆ ಎಂದರು. ಹಿಂದಿನ ಬೆಂಚಿನಿಂದ ಯಾರೋ ವಾಸನೆ ಬರುವುದಿಲ್ಲವೇ ಎಂದು ಕೇಳಿ ಬೈಸಿಕೊಂಡ. ನಾನು ಕೇಳಿದ್ದು ಬೇರೆ. ಅವರ ಮನೆಯವರು ಹೇಗೆ ಒಪ್ಪಿದರು ಎಂದು ಕೇಳಿದೆ. ಅದೇ ವರ್ಷ ನಮ್ಮ ತಾತ ತೀರಿಕೊಂಡಿದ್ದರು. ಮುಂಬಯಿಯಲ್ಲಿದ್ದ ಚಿಕ್ಕಪ್ಪ ಬರಲಿ ಎಂದು ಒಂದು ರಾತ್ರಿ ಮಂಜುಗಡ್ಡೆಯ ಮೇಲೆ ಇಟ್ಟುಕೊಂಡದ್ದಕ್ಕೇ ಊರಿನ ಹಿರಿಯರೆಲ್ಲ ಚಡಪಡಿಸಿದ್ದನ್ನು ನೋಡಿದ್ದೆ. ಮಣ್ಣು ಆಗುವವರೆಗೆ ಬೀದಿಯಲ್ಲಿ ಯಾರ ಮನೆಯಲ್ಲೂ ಒಲೆ ಹತ್ತಿರಲಿಲ್ಲ. ಮೇಷ್ಟ್ರು ಅವತ್ತು ಉತ್ತರ ಕೊಡಲಿಲ್ಲ. ಬೆಲ್ ಹೊಡೆಯಿತು.

ಉತ್ತರ ಹುಡುಕುತ್ತ ಹೋದಾಗ ಆ ಮನುಷ್ಯನ ಜೀವನವನ್ನೇ ಓದಬೇಕಾಯಿತು.

ವ್ಲಾದಿಮಿರ್ ಇಲ್ಯಿಚ್ ಉಲ್ಯಾನೊವ್ ಹುಟ್ಟಿದ್ದು 1870ರ ಏಪ್ರಿಲ್ 22ರಂದು, ವೋಲ್ಗಾ ನದಿಯ ದಡದ ಸಿಂಬಿರ್ಸ್ಕ್ ಎಂಬ ಊರಿನಲ್ಲಿ. ತಂದೆ ಇಲ್ಯಾ ಉಲ್ಯಾನೊವ್ ಅಸ್ತ್ರಖಾನಿನ ಒಬ್ಬ ದರ್ಜಿಯ ಮಗ. ಓದಿ ಮೇಷ್ಟ್ರಾಗಿ, ಆಮೇಲೆ ಸಿಂಬಿರ್ಸ್ಕ್ ಪ್ರಾಂತ್ಯದ ಶಾಲಾ ಇನ್ಸ್‌ಪೆಕ್ಟರ್ ಆಗಿ, ಕೊನೆಗೆ ಶಾಲೆಗಳ ನಿರ್ದೇಶಕರಾದವರು. ನಮ್ಮ ಲೆಕ್ಕದಲ್ಲಿ ಡಿ.ಡಿ.ಪಿ.ಐ. ಇದ್ದ ಹಾಗೆ. ಚಳಿಗಾಲದಲ್ಲಿ ಹಿಮದ ಮೇಲೆ ಜಾರುಗಾಡಿಯಲ್ಲಿ, ಬೇಸಿಗೆಯಲ್ಲಿ ಕುದುರೆಗಾಡಿಯಲ್ಲಿ ವಾರಗಟ್ಟಲೆ ಹಳ್ಳಿ ಸುತ್ತಿ ಶಾಲೆ ಕಟ್ಟಿಸಿದರು. ರಷ್ಯನ್ ಬಾರದ ಚುವಾಶ್ ಜನರ ಮಕ್ಕಳಿಗೂ ಶಾಲೆ ಬೇಕೆಂದು ದುಡಿದರು. ಲೆನಿನ್ ಬಗ್ಗೆ ಏನೇ ಅಭಿಪ್ರಾಯವಿದ್ದರೂ, ಸರ್ಕಾರಿ ಶಾಲೆಯೊಂದರ ಸಂಚಿಕೆಯಲ್ಲಿ ಈ ತಂದೆಗೆ ನಾಲ್ಕು ಸಾಲು ಸಲ್ಲಬೇಕು. 1886ರ ಜನವರಿಯಲ್ಲಿ ಮಿದುಳಿನ ರಕ್ತಸ್ರಾವದಿಂದ 54ನೇ ವಯಸ್ಸಿಗೇ ಹೋಗಿಬಿಟ್ಟರು.

ಮರುವರ್ಷ ಆ ಮನೆಗೆ ಬಿದ್ದ ಪೆಟ್ಟು ಇನ್ನೂ ದೊಡ್ಡದು. ಅಣ್ಣ ಅಲೆಕ್ಸಾಂದರ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದ. ಎರೆಹುಳುವಿನ ಬಳಗದ ಜೀವಿಗಳ ಮೇಲೆ ಪ್ರಬಂಧ ಬರೆದು ಚಿನ್ನದ ಪದಕ ಗೆದ್ದಿದ್ದ. ಆ ಪದಕವನ್ನು ಮಾರಿ ಬಂದ ಹಣದಲ್ಲಿ ಬಾಂಬಿಗೆ ಬೇಕಾದ ಸಾಮಾನು ತಂದ. ಮೂರನೇ ಅಲೆಕ್ಸಾಂದರ್ ಚಕ್ರವರ್ತಿಯನ್ನು ಕೊಲ್ಲುವ ಸಂಚು ಅದು. ಮಾರ್ಚಿನಲ್ಲಿ ಎಲ್ಲರೂ ಸಿಕ್ಕಿಬಿದ್ದರು. ತಾಯಿ ಮರಿಯ ಅಲೆಕ್ಸಾಂದ್ರೊವ್ನ ಮಗನನ್ನು ಉಳಿಸಿಕೊಳ್ಳಲು ರಾಜಧಾನಿಗೆ ಓಡಬೇಕಿತ್ತು. ರೈಲಿರುವ ಊರಿನ ತನಕ ಕುದುರೆಗಾಡಿಯಲ್ಲೇ ಹೋಗಬೇಕು. ಜೊತೆಗೆ ಯಾರಾದರೂ ಬರುತ್ತಾರೆಯೇ ಎಂದು ಹದಿನಾರು ವರ್ಷದ ವ್ಲಾದಿಮಿರ್ ಗೊತ್ತಿದ್ದವರ ಮನೆ ಮನೆಗೆ ಹೋಗಿ ಕೇಳಿದ. ತಂದೆ ಇದ್ದಾಗ ದಿನಾ ಬಂದು ಕೂರುತ್ತಿದ್ದ ಸ್ನೇಹಿತರೊಬ್ಬರೂ ಒಪ್ಪಲಿಲ್ಲ. ರಾಜದ್ರೋಹಿಯ ತಾಯಿಯ ಪಕ್ಕ ಕೂರಲು ಎಲ್ಲರಿಗೂ ಹೆದರಿಕೆ. ಆಕೆ ಹೋಗಿ ಬೇಡಿಕೊಂಡದ್ದು ವ್ಯರ್ಥವಾಯಿತು. ಮೇ ತಿಂಗಳಲ್ಲಿ ಶ್ಲಿಸೆಲ್‌ಬರ್ಗ್ ಕೋಟೆಯಲ್ಲಿ ಐವರನ್ನು ಗಲ್ಲಿಗೇರಿಸಿದರು. ಅಲೆಕ್ಸಾಂದರನಿಗೆ 21 ವರ್ಷ. ಹೆಣವನ್ನು ಮನೆಯವರಿಗೆ ಕೊಡಲಿಲ್ಲ. ಗುರುತಿಲ್ಲದ ಜಾಗದಲ್ಲಿ ಹೂತುಹಾಕಿದರು.

ಅದೇ ತಿಂಗಳು ವ್ಲಾದಿಮಿರನ ಶಾಲೆಯ ಅಂತಿಮ ಪರೀಕ್ಷೆ. ಅಣ್ಣನ ಸುದ್ದಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದು ಚಿನ್ನದ ಪದಕ ಪಡೆದ. ಅಂಕಪಟ್ಟಿಯಲ್ಲಿ ಎಲ್ಲ ವಿಷಯಕ್ಕೂ ಐದಕ್ಕೆ ಐದು, ತರ್ಕಶಾಸ್ತ್ರಕ್ಕೆ ಮಾತ್ರ ನಾಲ್ಕು. ಮುಖ್ಯೋಪಾಧ್ಯಾಯರು ಮನಸ್ಸು ಮಾಡಿದ್ದರೆ ಅಲ್ಲೇ ಆ ಹುಡುಗನ ಓದು ನಿಲ್ಲಿಸಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಒಳ್ಳೆಯ ನಡತೆಯವನು, ಒಳ್ಳೆಯ ಮನೆತನದವನು ಎಂದು ವಿಶ್ವವಿದ್ಯಾಲಯಕ್ಕೆ ಕಾಗದ ಬರೆದುಕೊಟ್ಟರು. ಅವರ ಹೆಸರು ಫ್ಯೋದರ್ ಕೆರೆನ್‌ಸ್ಕಿ. ಅವರಿಗೆ ಆಗ ಆರು ವರ್ಷದ ಒಬ್ಬ ಮಗನಿದ್ದ. 30 ವರ್ಷದ ನಂತರ ರಷ್ಯಾದ ತಾತ್ಕಾಲಿಕ ಸರ್ಕಾರದ ಮುಖ್ಯಸ್ಥನಾಗಿದ್ದು, ಲೆನಿನ್ ಕೈಯಲ್ಲಿ ಅಧಿಕಾರ ಕಳೆದುಕೊಂಡ ಅಲೆಕ್ಸಾಂದರ್ ಕೆರೆನ್‌ಸ್ಕಿ ಆ ಹುಡುಗನೇ. ಇದನ್ನು ಮೇಷ್ಟ್ರು ಕ್ಲಾಸಿನಲ್ಲಿ ಹೇಳಿದಾಗ ನಾವು ನಂಬಿರಲಿಲ್ಲ, ಕತೆ ಕಟ್ಟುತ್ತಿದ್ದಾರೆ ಎಂದುಕೊಂಡಿದ್ದೆವು.

ಕಜಾನ್ ವಿಶ್ವವಿದ್ಯಾಲಯ ಸೇರಿದ ಕೆಲವೇ ತಿಂಗಳಲ್ಲಿ, 1887ರ ಡಿಸೆಂಬರಿನಲ್ಲಿ, ವಿದ್ಯಾರ್ಥಿ ಪ್ರತಿಭಟನೆಯಲ್ಲಿ ಭಾಗವಹಿಸಿದ್ದಕ್ಕೆ ಹೊರಹಾಕಿದರು. ಮನೆಯಲ್ಲೇ ಓದಿ, ಬಾಹ್ಯ ವಿದ್ಯಾರ್ಥಿಯಾಗಿ 1891ರಲ್ಲಿ ಕಾನೂನು ಪರೀಕ್ಷೆ ಪಾಸು ಮಾಡಿದ. ಆ ವರ್ಷವೇ ಪೀಟರ್ಸ್‌ಬರ್ಗಿನಲ್ಲಿ ಓದುತ್ತಿದ್ದ ತಂಗಿ ಓಲ್ಗಾ ವಿಷಮಶೀತ ಜ್ವರದಿಂದ ತೀರಿಕೊಂಡಳು. ಅಲ್ಲಿನ ವೊಲ್ಕೊವೊ ಸ್ಮಶಾನದಲ್ಲಿ ಮಣ್ಣು ಮಾಡಿದರು. ಈ ಹೆಸರು ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

ವಕೀಲಿಕೆ ಹೆಚ್ಚು ದಿನ ನಡೆಯಲಿಲ್ಲ. 1895ರ ಡಿಸೆಂಬರಿನಲ್ಲಿ ಬಂಧನವಾಗಿ, ಒಂದು ವರ್ಷಕ್ಕೂ ಮೀರಿ ಜೈಲು. ಬ್ರೆಡ್ಡಿನಲ್ಲಿ ಪುಟ್ಟ ದೌತಿ ಮಾಡಿ, ಅದರಲ್ಲಿ ಹಾಲು ತುಂಬಿ, ಪುಸ್ತಕದ ಸಾಲುಗಳ ನಡುವೆ ಬರೆಯುತ್ತಿದ್ದರು. ಕಾಗದ ಕಾಯಿಸಿದರೆ ಮಾತ್ರ ಅಕ್ಷರ ಕಾಣುತ್ತದೆ. ಕಾವಲುಗಾರ ಬಂದರೆ ದೌತಿಯನ್ನೇ ನುಂಗಿಬಿಡುತ್ತಿದ್ದರು. ನಂತರ ಸೈಬೀರಿಯಾದ ಶುಶೆನ್‌ಸ್ಕೊಯೆ ಹಳ್ಳಿಗೆ ಮೂರು ವರ್ಷ ಗಡೀಪಾರು. ಅಲ್ಲಿಗೆ ಬಂದು 1898ರಲ್ಲಿ ಅವರನ್ನು ಮದುವೆಯಾದ ನದೇಜ್ದ ಕ್ರುಪ್‌ಸ್ಕಯ ಪೀಟರ್ಸ್‌ಬರ್ಗಿನಲ್ಲಿ ಕಾರ್ಮಿಕರಿಗೆ ಭಾನುವಾರದ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಟೀಚರ್. 1900ರಿಂದ ಮುಂದಿನ 17 ವರ್ಷಗಳಲ್ಲಿ ಹೆಚ್ಚಿನ ಕಾಲ ಗಂಡಹೆಂಡತಿ ಮ್ಯೂನಿಕ್, ಲಂಡನ್, ಜಿನೀವಾ, ಪ್ಯಾರಿಸ್, ಜ್ಯೂರಿಕ್ ಎಂದು ಬಾಡಿಗೆ ಕೋಣೆಗಳಲ್ಲಿ ಕಳೆದರು. ಲೆನಿನ್ ಎಂಬ ಹೆಸರು ಬಂದದ್ದು, 1903ರಲ್ಲಿ ಪಕ್ಷ ಒಡೆದು ಬೊಲ್ಶೆವಿಕರ ಗುಂಪು ಬೇರೆಯಾದದ್ದು, 1905ರ ಕ್ರಾಂತಿ ಸೋತದ್ದು ಎಲ್ಲ ಪಠ್ಯಪುಸ್ತಕದಲ್ಲಿದೆ, ಇಲ್ಲಿ ವಿಸ್ತರಿಸುವುದಿಲ್ಲ. ಪಠ್ಯದಲ್ಲಿ ಇಲ್ಲದ ಒಂದು ಸಂಗತಿ: 1908ರಲ್ಲಿ ತಿಲಕರಿಗೆ ಆರು ವರ್ಷದ ಶಿಕ್ಷೆಯಾಗಿ, ಮುಂಬಯಿಯ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದಾಗ, ಯೂರೋಪಿನಲ್ಲಿ ಕುಳಿತು ಅದನ್ನು ಗಮನಿಸಿ ಲೇಖನ ಬರೆದವರಲ್ಲಿ ಲೆನಿನ್ ಒಬ್ಬರು.

ತಾಯಿಯನ್ನು ಕೊನೆಯ ಬಾರಿ ನೋಡಿದ್ದು 1910ರಲ್ಲಿ, ಸ್ಟಾಕ್‌ಹೋಮಿನಲ್ಲಿ. 75 ವರ್ಷದ ಆಕೆ ಮಗನನ್ನು ನೋಡಲೆಂದು ರಷ್ಯಾದಿಂದ ಅಲ್ಲಿಗೆ ಬಂದಿದ್ದರು. 1916ರಲ್ಲಿ ಆಕೆ ತೀರಿಕೊಂಡಾಗ ಲೆನಿನ್ ಸ್ವಿಟ್ಜರ್‌ಲೆಂಡಿನಲ್ಲಿದ್ದರು. ಯುದ್ಧ ನಡೆಯುತ್ತಿತ್ತು, ಹೋಗುವಂತಿರಲಿಲ್ಲ. ಆಕೆಯನ್ನು ವೊಲ್ಕೊವೊದಲ್ಲಿ ಮಗಳು ಓಲ್ಗಾ ಪಕ್ಕದಲ್ಲಿ ಮಣ್ಣು ಮಾಡಿದರು. 1917ರ ಏಪ್ರಿಲಿನಲ್ಲಿ, ತ್ಸಾರ್ ಇಳಿದ ಮೇಲೆ, ಜರ್ಮನಿಯನ್ನು ದಾಟಿ ಬಂದ ರೈಲು ಹಿಡಿದು ಲೆನಿನ್ ಪೆಟ್ರೋಗ್ರಾಡ್ ತಲುಪಿದ ಕತೆ ಎಲ್ಲರಿಗೂ ಗೊತ್ತು. ರಾತ್ರಿ ನಿಲ್ದಾಣದಲ್ಲಿ ಬ್ಯಾಂಡು, ದೀಪ, ಭಾಷಣ. ಮರುದಿನ ಅವರು ವೊಲ್ಕೊವೊ ಸ್ಮಶಾನಕ್ಕೆ ಹೋಗಿ ತಾಯಿಯ ಮತ್ತು ತಂಗಿಯ ಸಮಾಧಿ ನೋಡಿ ಬಂದರು. ಇಡೀ ದೇಶವನ್ನು ತಲೆಕೆಳಗು ಮಾಡಲು ಬಂದ ಮನುಷ್ಯ ಮೊದಲ ದಿನವೇ ಬಿಡುವು ಮಾಡಿಕೊಂಡು ಹೋದ ಜಾಗ ಅದು.

ನವೆಂಬರ್ 7ರ (ಅವರ ಹಳೆಯ ಪಂಚಾಂಗದಲ್ಲಿ ಅಕ್ಟೋಬರ್ 25ರ) ಕ್ರಾಂತಿಯಾದ ಮರುದಿನವೇ ಯುದ್ಧ ನಿಲ್ಲಿಸಬೇಕೆಂಬ ಆಜ್ಞೆ, ಜಮೀನ್ದಾರರ ಭೂಮಿ ರೈತರಿಗೆಂಬ ಆಜ್ಞೆ ಹೊರಟವು. ಇದನ್ನು ಪಾಠ ಮಾಡುವಾಗ ಮೇಷ್ಟ್ರು 1974ರ ನಮ್ಮ ಭೂಸುಧಾರಣೆಗೆ ಬರುತ್ತಿದ್ದರು. ನಮ್ಮ ಶಾಲೆ ಶುರುವಾದ ವರ್ಷವೂ ಅದೇ. ಗೇಣಿದಾರರು ತಾಲ್ಲೂಕು ಕಚೇರಿಯಲ್ಲಿ ಡಿಕ್ಲರೇಷನ್ ಹಾಕಲು ನಿಂತ ಸಾಲನ್ನು ಅವರು ಚಿಕ್ಕಂದಿನಲ್ಲಿ ಕಂಡವರು. ದಿನಕ್ಕೆ ಎಂಟು ಗಂಟೆ ಕೆಲಸ ಎಂಬ ಆಜ್ಞೆ, 1919ರಲ್ಲಿ 8ರಿಂದ 50 ವಯಸ್ಸಿನವರೆಲ್ಲ ಓದುಬರಹ ಕಲಿಯಬೇಕೆಂಬ ಆಜ್ಞೆ, ಇವುಗಳನ್ನು ಹೇಳುವಾಗ ಅವರ ಧ್ವನಿ ಏರುತ್ತಿತ್ತು.

ಅವರು ಬೇಗ ದಾಟಿಬಿಡುತ್ತಿದ್ದ ಪುಟಗಳನ್ನು ನಾನು ಆಮೇಲೆ ಓದಿದೆ. ಜನ ಓಟು ಹಾಕಿ ಆರಿಸಿದ ಸಂವಿಧಾನ ಸಭೆಯಲ್ಲಿ ತಮ್ಮ ಪಕ್ಷಕ್ಕೆ ಬಹುಮತ ಬರಲಿಲ್ಲವೆಂದು ಲೆನಿನ್ 1918ರ ಜನವರಿಯಲ್ಲಿ ಅದನ್ನು ಒಂದೇ ಬೈಠಕ್ಕಿಗೆ ಮುಚ್ಚಿಸಿದರು. ಚೆಕಾ ಎಂಬ ರಹಸ್ಯ ಪೊಲೀಸ್ ಪಡೆ ಅದಕ್ಕೂ ಮೊದಲೇ ಹುಟ್ಟಿತ್ತು. 1918ರ ಆಗಸ್ಟ್ 30ರಂದು ಕಾರ್ಖಾನೆಯೊಂದರಲ್ಲಿ ಭಾಷಣ ಮುಗಿಸಿ ಬರುವಾಗ ಅವರ ಮೈಗೆ ಎರಡು ಗುಂಡು ಬಿದ್ದ ಮೇಲಂತೂ ವಿಚಾರಣೆಯಿಲ್ಲದೆ ಸಾವಿರಾರು ಜನರನ್ನು ಕೊಂದರು. ಅದಕ್ಕೆ ಒಂದೂವರೆ ತಿಂಗಳ ಹಿಂದಷ್ಟೇ ಪದಚ್ಯುತ ತ್ಸಾರ್ ನಿಕೊಲಾಸನನ್ನು ಹೆಂಡತಿ ಮಕ್ಕಳ ಸಮೇತ ಕೊಂದು, ಹೆಣಗಳನ್ನು ಕಾಡಿನಲ್ಲಿ ಬಚ್ಚಿಟ್ಟಿದ್ದರು. ಅಂತರ್ಯುದ್ಧದ ಕಾಲದಲ್ಲಿ ಸೈನ್ಯಕ್ಕೂ ಪಟ್ಟಣಕ್ಕೂ ರೈತರ ಕಣಜದಿಂದ ಕಾಳು ಕಿತ್ತುಕೊಂಡರು. ಲೆವಿ ಭತ್ತದ ಕಾಲ ಕಂಡ ನಮ್ಮೂರಿನ ಹಿರಿಯರು ಅದನ್ನು ಹತ್ತು ಪಾಲು ಕಠಿಣವಾಗಿ ಕಲ್ಪಿಸಿಕೊಳ್ಳಬೇಕು. ಅದರ ಬೆನ್ನಿಗೆ ಮಳೆಯೂ ಕೈಕೊಟ್ಟು 1921-22ರ ಬರದಲ್ಲಿ ಸುಮಾರು 50 ಲಕ್ಷ ಜನ ಸತ್ತರು. ಹೆಚ್ಚಿನವರು ವೋಲ್ಗಾ ಪ್ರದೇಶದವರು, ಇಲ್ಯಾ ಉಲ್ಯಾನೊವ್ ಶಾಲೆ ಕಟ್ಟಿಸಿದ ಸೀಮೆಯವರು. ಕ್ರೋನ್‌ಸ್ಟಾಟ್ ನಾವಿಕರು ದಂಗೆ ಎದ್ದ ಮೇಲೆ, 1921ರಲ್ಲಿ, ಲೆನಿನ್ ತಮ್ಮ ನೀತಿಯನ್ನು ತಾವೇ ತಿದ್ದಿಕೊಂಡು ರೈತರಿಗೆ ಕಾಳು ಮಾರುವ ಸ್ವಾತಂತ್ರ್ಯ ಕೊಟ್ಟರು. ಅಷ್ಟು ಹೊತ್ತಿಗೆ ತಡವಾಗಿತ್ತು.

1922ರ ಮೇ ತಿಂಗಳಲ್ಲಿ ಮೊದಲ ಪಾರ್ಶ್ವವಾಯು. ಡಿಸೆಂಬರಿನಲ್ಲಿ ಎರಡನೆಯದು. ಆ ಹಾಸಿಗೆಯಿಂದಲೇ ಪಕ್ಷಕ್ಕೊಂದು ಕಾಗದ ಬರೆಸಿ, ಸ್ತಾಲಿನ್‌ರನ್ನು ಪ್ರಧಾನ ಕಾರ್ಯದರ್ಶಿ ಸ್ಥಾನದಿಂದ ತೆಗೆಯಬೇಕೆಂದು ಸೂಚಿಸಿದರು. 1923ರ ಮಾರ್ಚಿನಲ್ಲಿ ಮೂರನೆಯ ಪೆಟ್ಟು ಬಿದ್ದು ಮಾತೇ ಹೋಯಿತು. ಮಾಸ್ಕೋ ಹತ್ತಿರದ ಗೋರ್ಕಿಯ ಮನೆಯಲ್ಲಿ ಕ್ರುಪ್‌ಸ್ಕಯ ಮತ್ತೆ ಟೀಚರ್ ಆದರು. ಒಂದನೇ ತರಗತಿಯ ಮಗುವಿಗೆ ಕಲಿಸುವಂತೆ ಗಂಡನಿಗೆ ಅಕ್ಷರ ಹೇಳಿಕೊಟ್ಟರು, ಎಡಗೈಯಲ್ಲಿ ಬರೆಯುವುದನ್ನು ಅಭ್ಯಾಸ ಮಾಡಿಸಿದರು. 1924ರ ಜನವರಿ 21ರ ಸಂಜೆ ಲೆನಿನ್ ತೀರಿಕೊಂಡರು. 53 ವರ್ಷ. ತಂದೆಯ ವಯಸ್ಸನ್ನೂ ಮುಟ್ಟಲಿಲ್ಲ.

ಇಲ್ಲಿಂದ ಮುಂದಿನದು ನನ್ನ ಪ್ರಶ್ನೆಗೆ ಸಂಬಂಧಿಸಿದ್ದು.

ದೇಹವನ್ನು ರೈಲಿನಲ್ಲಿ ಮಾಸ್ಕೋಗೆ ತಂದು ದರ್ಶನಕ್ಕಿಟ್ಟರು. ಕೊರೆಯುವ ಚಳಿಯಲ್ಲಿ, ಬೀದಿಯಲ್ಲಿ ಬೆಂಕಿ ಹಾಕಿಕೊಂಡು, ಲಕ್ಷಾಂತರ ಜನ ಹಗಲು ರಾತ್ರಿ ಸಾಲು ನಿಂತರು. ಅವರ ದುಃಖ ನಾಟಕವಲ್ಲ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. 27ರಂದು ಅಂತ್ಯಕ್ರಿಯೆ. ಕೆಂಪು ಚೌಕದ ನೆಲ ಹೆಪ್ಪುಗಟ್ಟಿ ಗುದ್ದಲಿಗೆ ಬಗ್ಗದೆ, ಸಿಡಿಮದ್ದು ಇಟ್ಟು ಅಗೆದರು. ವಾಸ್ತುಶಿಲ್ಪಿ ಶ್ಚೂಸೆವ್ ಕೆಲವೇ ದಿನಗಳಲ್ಲಿ ಮರದ ಒಂದು ಮಂಟಪ ನಿಲ್ಲಿಸಿದರು. ಆಗಿನ ಯೋಚನೆ, ಬರಬೇಕಾದವರೆಲ್ಲ ಬಂದು ನೋಡುವ ತನಕ ಕೆಲವು ದಿನ ಇಡುವುದು ಎಂದಷ್ಟೇ. ನಮ್ಮ ಚಿಕ್ಕಪ್ಪನಿಗಾಗಿ ಕಾದ ಹಾಗೆ.

ಕ್ರುಪ್‌ಸ್ಕಯ ಜನವರಿ 30ರ ಪ್ರಾವ್ದಾ ಪತ್ರಿಕೆಯಲ್ಲಿ ಒಂದು ಮನವಿ ಪ್ರಕಟಿಸಿದರು. ಲೆನಿನ್ ಮೇಲಿನ ದುಃಖ ಹೊರಗಿನ ಪೂಜೆಯಾಗದಿರಲಿ, ಸ್ಮಾರಕ, ಅರಮನೆ, ಮೆರವಣಿಗೆ ಬೇಡ, ಅವರು ಬದುಕಿದ್ದಾಗ ಇವುಗಳಿಗೆ ಬೆಲೆ ಕೊಟ್ಟವರಲ್ಲ, ಗೌರವ ತೋರಿಸಬೇಕೆಂದಿದ್ದರೆ ಶಿಶುವಿಹಾರ, ಮನೆ, ಶಾಲೆ, ಗ್ರಂಥಾಲಯ, ಆಸ್ಪತ್ರೆ ಕಟ್ಟಿ ಎಂಬುದು ಅದರ ಸಾರ. ಒಂಬತ್ತನೇ ತರಗತಿಯಲ್ಲಿ ನಾನು ಕೇಳಿದ ಪ್ರಶ್ನೆಗೆ ಉತ್ತರ ಅದರಲ್ಲಿತ್ತು. ಮನೆಯವರು ಒಪ್ಪಿರಲಿಲ್ಲ. ಹೆಂಡತಿಯ ಮಾತು ಪತ್ರಿಕೆಯಲ್ಲಿ ಅಚ್ಚಾಯಿತು, ಕೆಲಸ ತನ್ನ ಪಾಡಿಗೆ ಮುಂದುವರಿಯಿತು. ಸ್ತಾಲಿನ್ ಬಗ್ಗೆ ಲೆನಿನ್ ಬರೆಸಿದ್ದ ಕಾಗದಕ್ಕೂ ಹೆಚ್ಚುಕಡಿಮೆ ಅದೇ ಗತಿಯಾಯಿತು. ಪಕ್ಷದ ಪ್ರತಿನಿಧಿಗಳಿಗೆ ಓದಿ ಹೇಳಿ ಒಳಗಿಟ್ಟರು.

ಮೊದಲು ದೇಹವನ್ನು ಶೀತಲಯಂತ್ರದಲ್ಲಿ ಹೆಪ್ಪುಗಟ್ಟಿಸುವ ಯೋಜನೆಯಿತ್ತು. ಯಂತ್ರ ಸಿದ್ಧವಾಗುವಷ್ಟರಲ್ಲಿ ಚರ್ಮದ ಬಣ್ಣ ಬದಲಾಗತೊಡಗಿತ್ತು. ಮಾರ್ಚ್ ಕೊನೆಯಲ್ಲಿ ಖಾರ್ಕೊವ್‌ನ ಅಂಗರಚನಾ ತಜ್ಞ ವೊರೊಬ್ಯೊವ್, ಜೀವರಸಾಯನ ತಜ್ಞ ಜ್ಬಾರ್‌ಸ್ಕಿ ಸೇರಿ ನಾಲ್ಕು ತಿಂಗಳು ಕೆಲಸ ಮಾಡಿದರು. ಗ್ಲಿಸರಿನ್ ಮತ್ತು ಪೊಟ್ಯಾಸಿಯಮ್ ಅಸಿಟೇಟ್ ಬೆರೆಸಿದ ದ್ರಾವಣ ಮೈಯೊಳಗೆ ಇಳಿದು ನೀರಿನ ಜಾಗ ಹಿಡಿಯುವಂತೆ ಮಾಡಿದ್ದೇ ಅವರ ಗುಟ್ಟು. 1924ರ ಆಗಸ್ಟ್ 1ರಂದು ಜನರಿಗೆ ಬಾಗಿಲು ತೆರೆಯಿತು. ಇವತ್ತಿಗೂ ಒಂದೂವರೆ ವರ್ಷಕ್ಕೊಮ್ಮೆ ದೇಹವನ್ನು ತೆಗೆದು ದ್ರಾವಣದ ತೊಟ್ಟಿಯಲ್ಲಿ ವಾರಗಟ್ಟಲೆ ಮುಳುಗಿಸಿಡುತ್ತಾರೆ. ನಡುವೆ ಸಣ್ಣಪುಟ್ಟ ರಿಪೇರಿ ನಡೆದೇ ಇರುತ್ತದೆ. ಹಳೆಯ ಸಾಫ್ಟ್‌ವೇರ್‌ಗೆ ಪ್ಯಾಚ್ ಮೇಲೆ ಪ್ಯಾಚ್ ಹಾಕಿ, ಮೂಲದ ಕೋಡ್ ಎಷ್ಟು ಉಳಿದಿದೆ ಎಂದು ಬರೆದವನಿಗೇ ಹೇಳಲಾಗದ ಸ್ಥಿತಿ ನಮ್ಮ ಕಸುಬಿನಲ್ಲಿ ಗೊತ್ತು. ಅದಕ್ಕೆ ಹೋಲಿಸಿದರೆ ಮೇಷ್ಟ್ರಿಗೆ ಸಿಟ್ಟು ಬರುತ್ತದೆ. ಮಿದುಳಂತೂ ಅಲ್ಲಿಲ್ಲ. ಜರ್ಮನಿಯ ಓಸ್ಕರ್ ಫೋಗ್ಟ್ ಎಂಬ ತಜ್ಞರನ್ನು ಕರೆಸಿ, ಮೇಧಾವಿತನದ ಗುರುತು ಸಿಗುತ್ತದೆಂದು ಅದನ್ನು ಸುಮಾರು 30,000 ತೆಳು ಪದರಗಳಾಗಿ ಸೀಳಿಸಿದರು.

ಯುದ್ಧ ಬಂದಾಗ, 1941ರ ಜುಲೈನಲ್ಲಿ, ದೇಹವನ್ನು ಗುಟ್ಟಾಗಿ ಸೈಬೀರಿಯಾದ ತ್ಯುಮೆನ್ ಪಟ್ಟಣಕ್ಕೆ ಸಾಗಿಸಿ, 1945ರ ಮಾರ್ಚಿನ ತನಕ ಕೃಷಿ ಶಾಲೆಯೊಂದರ ಕಟ್ಟಡದಲ್ಲಿಟ್ಟರು. ಶಾಲಾ ಇನ್ಸ್‌ಪೆಕ್ಟರರ ಮಗ ಮೂರೂವರೆ ವರ್ಷ ಹೀಗೆ ಶಾಲೆಯ ಕಟ್ಟಡದಲ್ಲಿ ಇದ್ದದ್ದಾಯಿತು. ಆ ನವೆಂಬರಿನ ಪೆರೇಡಿನಲ್ಲಿ ಸ್ತಾಲಿನ್ ಭಾಷಣ ಮಾಡಿದ್ದು ಖಾಲಿ ಮಂಟಪದ ಮೇಲೆ ನಿಂತು. ದೇಹ ಕಾಪಾಡಿದ ಜ್ಬಾರ್‌ಸ್ಕಿಯನ್ನೇ 1952ರಲ್ಲಿ ಜೈಲಿಗೆ ಹಾಕಿದರು. ಸ್ತಾಲಿನ್ ಸತ್ತಾಗ ಅವರನ್ನೂ ತಂದು ಪಕ್ಕದಲ್ಲಿ ಮಲಗಿಸಿದರು. 1961ರ ಪಕ್ಷದ ಮಹಾಧಿವೇಶನದಲ್ಲಿ ಹಳೆಯ ಕಾರ್ಯಕರ್ತೆಯೊಬ್ಬರು ಎದ್ದು, ತಾನು ಲೆನಿನ್‌ರನ್ನು ಕೇಳಿದೆ, ಸ್ತಾಲಿನ್ ಪಕ್ಕ ಮಲಗಲು ಅವರಿಗೆ ಹಿಂಸೆಯಾಗುತ್ತಿದೆಯಂತೆ ಎಂದರು. ದೇವರನ್ನು ನಂಬದ ಪಕ್ಷದ ಸಭೆ ಇದು. ಮೈಮೇಲೆ ದೇವರು ಬಂದ ಮಾತಿನ ಧಾಟಿ ನಮ್ಮೂರಿನ ಜಾತ್ರೆ ನೋಡಿದವರಿಗೆ ಹೊಸದಲ್ಲ. ಆ ಅಕ್ಟೋಬರ್ 31ರ ರಾತ್ರಿ ಸ್ತಾಲಿನ್‌ರನ್ನು ತೆಗೆದು ಹಿಂದಿನ ಗೋಡೆಯ ಬಳಿ ಹೂತರು.

1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು. ಲೆನಿನ್‌ಗ್ರಾಡ್ ಮತ್ತೆ ಪೀಟರ್ಸ್‌ಬರ್ಗ್ ಆಯಿತು. ಅಲ್ಲಿನ ಮೇಯರ್ ಸೊಬ್ಚಾಕ್ ಲೆನಿನ್‌ರನ್ನು ವೊಲ್ಕೊವೊದಲ್ಲಿ ತಾಯಿಯ ಪಕ್ಕ ಮಣ್ಣು ಮಾಡೋಣವೆಂದರು. ಯೆಲ್ಟ್ಸಿನ್ 1993ರಲ್ಲಿ ಗೌರವದ ಕಾವಲು ತೆಗೆಸಿದರು, ಜನಮತ ಕೇಳುವ ಮಾತಾಡಿದರು, ಮಾಡಲಿಲ್ಲ. 1998ರಲ್ಲಿ ತ್ಸಾರ್ ಕುಟುಂಬದ ಮೂಳೆಗಳನ್ನು ಪೀಟರ್ಸ್‌ಬರ್ಗಿನ ಚರ್ಚಿನಲ್ಲಿ ಶಾಸ್ತ್ರೋಕ್ತವಾಗಿ ಹೂತರು. ಕೊಂದವರ ನಾಯಕನಿಗೆ ಇನ್ನೂ ಆಗಿಲ್ಲ. ಲೆನಿನ್ ತಮ್ಮನ ಮಗಳು ಓಲ್ಗಾ ಉಲ್ಯಾನೊವ ಬದುಕಿರುವ ತನಕ ದೇಹ ಸರಿಸುವುದನ್ನು ವಿರೋಧಿಸಿದರು. ಪುತಿನ್ ಹೇಳಿದ ಕಾರಣ ಬೇರೆ: ಈಗ ಹೂತರೆ, ಆ ಕಾಲದಲ್ಲಿ ದುಡಿದ ಹಿರಿಯರಿಗೆ ತಮ್ಮ ಬದುಕೇ ಸುಳ್ಳಾಯಿತು ಅನಿಸುತ್ತದೆ ಎಂದು. 2016ರಲ್ಲಿ ಸರ್ಕಾರ ದೇಹದ ಆರೈಕೆಗೆ 1 ಕೋಟಿ 30 ಲಕ್ಷ ರೂಬಲ್ ತೆಗೆದಿರಿಸಿತು.

ಕಂಪನಿಯ ಕೆಲಸದ ಮೇಲೆ ಎರಡು ವಾರ ಮಾಸ್ಕೋಗೆ ಹೋಗಿದ್ದಾಗ ನಾನೂ ಆ ಸಾಲಿನಲ್ಲಿ ನಿಂತೆ. ಟಿಕೆಟ್ ಇಲ್ಲ. ಫೋಟೊ ತೆಗೆಯುವಂತಿಲ್ಲ, ಟೋಪಿ ತೆಗೆಯಬೇಕು, ಜೇಬಿನಲ್ಲಿ ಕೈ ಇಡುವಂತಿಲ್ಲ. ಕಪ್ಪು ಕಲ್ಲಿನ ಮೆಟ್ಟಿಲು ಕೆಳಗಿಳಿಯುತ್ತದೆ. ತಂಪು, ಕತ್ತಲೆ. ಗಾಜಿನ ಪೆಟ್ಟಿಗೆಯ ಮೇಲೆ ಮಾತ್ರ ಬೆಳಕು. ಕಪ್ಪು ಸೂಟು, ಬಲಗೈ ಮುಷ್ಟಿ ಹಿಡಿದಿದೆ, ಎಡಗೈ ಚಾಚಿದೆ. ನಾನು ಅಂದುಕೊಂಡದ್ದಕ್ಕಿಂತ ಸಣ್ಣ ಮನುಷ್ಯ. ನಿಂತರೆ ಕಾವಲಿನವ ಮುಂದೆ ಹೋಗೆಂದು ಸನ್ನೆ ಮಾಡುತ್ತಾನೆ. ಒಂದು ನಿಮಿಷವೂ ಆಗಲಿಲ್ಲ. ಹೊರಗೆ ಬಂದರೆ ಕ್ರೆಮ್ಲಿನ್ ಗೋಡೆ. ಅದರಲ್ಲಿ ಕ್ರುಪ್‌ಸ್ಕಯರ ಬೂದಿ ಇಟ್ಟು ಹೆಸರಿನ ಕಲ್ಲು ಹಾಕಿದ್ದಾರೆ. 1939ರಲ್ಲಿ ಆಕೆ ತೀರಿಕೊಂಡರು. ಗಂಡ ಅಲ್ಲಿಂದ ಕೆಲವೇ ಹೆಜ್ಜೆ ದೂರದಲ್ಲಿ ಗಾಜಿನೊಳಗೆ. ಆ ಸಾಲಿನಲ್ಲಿ ನನ್ನ ಹಿಂದೆ ಮುಂದೆ ಇದ್ದ ಪ್ರವಾಸಿಗಳು ಮುಖ ಮೇಣದ್ದೋ ನಿಜದ್ದೋ ಎಂದು ಚರ್ಚಿಸುತ್ತ ನಕ್ಕರು. ಜೈಲಿನ ಹಾಲಿನ ದೌತಿಯನ್ನಾಗಲಿ ವೋಲ್ಗಾದ ಬರವನ್ನಾಗಲಿ ಯಾರೂ ಮಾತಾಡಲಿಲ್ಲ. ನನಗೆ ಅಲ್ಲಿ ನಿಂತಾಗ ಹೊಳೆದದ್ದು ಅಣ್ಣ ಅಲೆಕ್ಸಾಂದರ. ಒಬ್ಬ ಮಗನ ಹೆಣ ಎಲ್ಲಿದೆಯೆಂದು ಆ ತಾಯಿಗೆ ತೋರಿಸಲಿಲ್ಲ, ಇನ್ನೊಬ್ಬ ಮಗನದ್ದನ್ನು ಲೋಕಕ್ಕೆಲ್ಲ ತೋರಿಸುತ್ತಿದ್ದಾರೆ. ಎರಡನ್ನೂ ಮಾಡಿದ್ದು ಸರ್ಕಾರವೇ.

ಊರಿಗೆ ಬಂದು ಮೇಷ್ಟ್ರಿಗೆ ಫೋನ್ ಮಾಡಿ, ಮಣ್ಣು ಮಾಡಲೇಬೇಕು, ತಾಯಿಯ ಪಕ್ಕ ಮಲಗಿಸಿ ಎಂದು ಲೆನಿನ್‌ರೇ ಉಯಿಲು ಬರೆದಿದ್ದರಂತೆ ಎಂದೆ. ಎಲ್ಲಿ ಬರೆದಿದ್ದಾರೆ ತೋರಿಸು ಎಂದರು. ಹುಡುಕಿದೆ. ಅಂಥ ಕಾಗದವೇ ಇಲ್ಲ. ಆ ಸುದ್ದಿ ಬಾಯಿಂದ ಬಾಯಿಗೆ ಬೆಳೆದದ್ದು, ಮನೆಯವರೇ ಅಲ್ಲಗಳೆದದ್ದು. ಸುಳ್ಳು ಸುದ್ದಿಯನ್ನು ಫಾರ್ವರ್ಡ್ ಮಾಡಬೇಡಿ ಎಂದು ಊರಿನ ವಾಟ್ಸಾಪ್ ಗುಂಪಿನಲ್ಲಿ ಬುದ್ಧಿ ಹೇಳುವವನು ನಾನೇ, ಆದ್ದರಿಂದ ನಾಚಿಕೆಯಾಯಿತು. ಈಗ ನಾನು ಆ ಮಾತು ಎತ್ತುವುದಿಲ್ಲ. ನನ್ನ ವಾದಕ್ಕೆ ಕ್ರುಪ್‌ಸ್ಕಯರ ಮನವಿಯೊಂದೇ ಆಧಾರ. ಅದಕ್ಕೆ ದಿನಾಂಕವಿದೆ, ಅಚ್ಚಾದ ಪತ್ರಿಕೆಯಿದೆ, ಬೇಡ ಎಂದ ಹೆಂಡತಿಯಿದ್ದಾರೆ.

ಮೇಷ್ಟ್ರ ವಾದವನ್ನೂ ಸರಿಯಾಗಿ ಬರೆಯಬೇಕು. ಪೆಟ್ಟಿಗೆ ಇರುವುದು ನೆಲಮಟ್ಟಕ್ಕಿಂತ ಕೆಳಗೆ, ಆದ್ದರಿಂದ ಅದು ಸಮಾಧಿಯೇ ಎಂದು ಅಲ್ಲಿನ ಕಮ್ಯುನಿಸ್ಟರು ಹೇಳುತ್ತಾರೆ. ಮೇಷ್ಟ್ರು ಅದನ್ನು ಹೆಚ್ಚು ಹಿಡಿದುಕೊಳ್ಳುವುದಿಲ್ಲ, ನೆಲಮಾಳಿಗೆಯಲ್ಲಿಟ್ಟರೆ ಮಣ್ಣಾಯಿತೆಂದು ನಮ್ಮೂರಿನಲ್ಲಿ ಯಾರೂ ಒಪ್ಪುವುದಿಲ್ಲವೆಂದು ಅವರಿಗೂ ಗೊತ್ತು. ಅವರ ಭಯ ಬೇರೆ. ಈಗ ಹೂಳಲು ಹೊರಟವರು ಗೌರವಕ್ಕಾಗಿ ಹೂಳುತ್ತಿಲ್ಲ, ಹೂತು ಕೈ ತೊಳೆದುಕೊಳ್ಳಲು ನೋಡುತ್ತಿದ್ದಾರೆ, ದೇಹದ ಜೊತೆಗೆ ಭೂಮಿಯ ಆಜ್ಞೆಯನ್ನೂ ಎಂಟು ಗಂಟೆಯ ಕೆಲಸವನ್ನೂ ಹೂಳುತ್ತಾರೆ ಎನ್ನುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ. ದಿನಕ್ಕೆ ಹನ್ನೆರಡು ಗಂಟೆ ಲ್ಯಾಪ್‌ಟಾಪ್ ಮುಂದೆ ಕೂರುವ ನನಗೆ ಅದನ್ನು ಸುಲಭವಾಗಿ ತಳ್ಳಿಹಾಕಲು ಬರುವುದಿಲ್ಲ. ಆದರೂ, ಹೂಳುವವರ ಮನಸ್ಸು ಶುದ್ಧವಾಗುವ ತನಕ ಹೆಣವನ್ನು ಕಾಯಿಸುವುದು ಯಾವ ನ್ಯಾಯ? ಅವರಿಂದ ಸತ್ತ ಲಕ್ಷಾಂತರ ಜನರಿಗೆ ಗುಂಡಿಯಾದರೂ ಸಿಕ್ಕಿತೋ ಇಲ್ಲವೋ, ಇವರಿಗೇಕೆ ಮರ್ಯಾದೆ ಎಂದು ಕೇಳುವವರಿಗೂ ನನ್ನ ಉತ್ತರ ಅದೇ. ಮಣ್ಣು ಕೊಡುವುದು ಬಹುಮಾನವೂ ಅಲ್ಲ, ಶಿಕ್ಷೆಯೂ ಅಲ್ಲ. ಬ್ಯಾಂಡು ಬೇಡ, ಭಾಷಣ ಬೇಡ, ವೊಲ್ಕೊವೊದಲ್ಲಿ ಜಾಗ ಮಾಡಿ ಇಟ್ಟುಬಿಡಲಿ. ತಾಯಿ, ತಂಗಿ, ಅಕ್ಕ, ಭಾವ ಎಲ್ಲ ಅಲ್ಲೇ ಇದ್ದಾರೆ.

ಈ ಲೇಖನದ ಕರಡನ್ನು ಮೇಷ್ಟ್ರಿಗೆ ಕಳಿಸಿದ್ದೆ. ನಿವೃತ್ತಿಯಾಗಿ ಇಷ್ಟು ವರ್ಷವಾದರೂ ಕೆಂಪು ಪೆನ್ನು ಬಿಟ್ಟಿಲ್ಲ. ಎರಡು ಇಸವಿ, ಮೂರು ಕಾಗುಣಿತ ತಿದ್ದಿ, ಉಳಿದದ್ದಕ್ಕೆ ಉತ್ತರವನ್ನು ಮಹೋತ್ಸವದ ದಿನ ಎದುರಿಗೇ ಕೊಡುತ್ತೇನೆ ಎಂದು ಬರೆದಿದ್ದಾರೆ. ಹಳೆಯ ಬೀರುವಿನ ಕೆಳಗಿನ ಖಾನೆಗೆ ಗೆದ್ದಲು ಹತ್ತಿದೆಯಂತೆ. ಸಮಾರಂಭಕ್ಕೆ ಒಂದು ಗಂಟೆ ಮುಂಚೆ ಬಂದು ಪುಸ್ತಕಗಳನ್ನು ಕೊಡವಿ ಹೊಸ ಕೊಠಡಿಗೆ ಸಾಗಿಸಬೇಕೆಂದು ಹೇಳಿದ್ದಾರೆ. ನಮ್ಮ ಬ್ಯಾಚಿನವರು ಯಾರಾದರೂ ಬರುವುದಾದರೆ ಒಂಬತ್ತು ಗಂಟೆಗೆ ಸ್ಟಾಫ್ ರೂಮಿನ ಹತ್ತಿರ ಸಿಗಿ.